ಕಣ್ಣಿನ ಹಬ್ಬ, ಕಿವಿಯ ಹಸಿವು

ಕಥೆ ಹೇಳುವವನಿಗೆ ಕೇಳುವವನು ಕೊಡುವ ಕಾಣಿಕೆ ಒಂದೇ. ಅದು 'ಹೂಂ' ಎಂಬ ಒಂದು ಅಕ್ಷರ. ಹೇಳುವವನು ಎಷ್ಟೇ ಜಾಣನಾಗಿರಲಿ, ಎದುರಿಗೆ ಕುಳಿತವನು ಹೂಂಗುಟ್ಟುವುದನ್ನು ನಿಲ್ಲಿಸಿದನೆಂದರೆ ಆ ಕಥೆ ಅಲ್ಲಿಗೆ ಮುಗಿದಂತೆಯೇ. ಕೇಳುವವನಿಗೆ ನಿದ್ರೆ ಬಂದಿರಬೇಕು, ಇಲ್ಲವೇ ಕಥೆಗೇ ನಿದ್ರೆ ಬಂದಿರಬೇಕು. ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕಥೆ ಹೇಳಿದ ಅಜ್ಜಿಯರೆಲ್ಲರೂ ಈ ಮರ್ಮವನ್ನು ಬಲ್ಲರು. ಬಹುಕಾಲ ಚಿತ್ರಕಲೆಯ ಉಪಾಧ್ಯಾಯರಾಗಿದ್ದು ಈಗ ವಿಶ್ರಾಂತರಾಗಿರುವ ಗೃಹಸ್ಥರೊಬ್ಬರಿಗೆ ಮಾತ್ರ ಇದು ಮುಪ್ಪಿನ ಹೊಸ್ತಿಲಲ್ಲಿ ತಿಳಿಯಬೇಕಾಯಿತು. ಅದೂ ಒಂದು ಕೊರಿಯನ್ ಚಲಚ್ಚಿತ್ರದ ನಿಮಿತ್ತದಿಂದ.

ಉಪಾಧ್ಯಾಯರು ಕಣ್ಣಿನಿಂದಲೇ ಬದುಕಿದವರು. ಸಂಜೆಯ ಬಿಸಿಲು ಗೋಡೆಯ ಮೇಲೆ ಬಿದ್ದ ಬಗೆ, ಹಿತ್ತಾಳೆಯ ಚೊಂಬಿನಲ್ಲಿ ಮೂಡಿದ ಕಿಟಕಿಯ ನೆರಳು, ಸಂತೆಯಲ್ಲಿ ಒಂದರ ಪಕ್ಕದಲ್ಲೊಂದು ಸುರಿದ ಮೆಣಸಿನಕಾಯಿ ಅರಿಸಿನಗಳ ರಾಶಿ, ಇವೇ ಅವರಿಗೆ ಕಾವ್ಯ. ಕಾದಂಬರಿ ಓದುವ ತಾಳ್ಮೆ ಅವರಿಗೆ ಎಂದೂ ಇರಲಿಲ್ಲ. "ಕಥೆ ಯಾರು ಬೇಕಾದರೂ ಹೇಳಿಯಾರು, ನೋಡಲು ಕಲಿಸುವವರು ಕಡಮೆ" ಎಂಬುದು ಅವರ ವಾಡಿಕೆಯ ಮಾತು. ಅವರ ತಾಯಿಯ ರೀತಿಯೇ ಬೇರೆ. ಎಂಬತ್ತೈದರ ಆ ವೃದ್ಧೆ ಹರಿಕಥೆ, ಭಾರತವಾಚನಗಳನ್ನು ಕೇಳುತ್ತ ಬೆಳೆದವರು. ದೃಷ್ಟಿ ಕ್ರಮಕ್ರಮವಾಗಿ ಕುಂದಿ, ಕೆಲವು ವರ್ಷಗಳಿಂದ ಅವರ ಕಣ್ಣಿಗೆ ಬೆಳಕು ಕತ್ತಲೆಗಳ ಭೇದವೊಂದೇ ಉಳಿದಿದೆ. ಕಿವಿ ಮಾತ್ರ ಹದಿನಾರರದು. ಮನೆಯವರು ಏನನ್ನು ನೋಡಿ ಬಂದರೂ, ಮದುವೆಯಾಗಲಿ ಜಾತ್ರೆಯಾಗಲಿ ಸಿನಿಮಾ ಆಗಲಿ, ಅದನ್ನು ಆದ್ಯಂತವಾಗಿ ಅವರಿಗೆ ಹೇಳಿ ಒಪ್ಪಿಸಬೇಕು. ಅವರು ಹಾಸಿಗೆಯ ಮೇಲೆ ಗೋಡೆಗೊರಗಿ ಕುಳಿತು ಹೂಂಗುಟ್ಟುತ್ತ ಕೇಳುವರು.

ಆ ಮನೆಯ ಮೊಮ್ಮಗಳು ಈ ಕಾಲದ ಅನೇಕ ಹುಡುಗಿಯರಂತೆ ಕೊರಿಯಾದ ಚಿತ್ರಗಳಿಗೂ ಧಾರಾವಾಹಿಗಳಿಗೂ ಮನಸೋತವಳು. ಆ ಭಾಷೆಯ ಲಿಪಿಯನ್ನೂ ತಕ್ಕಮಟ್ಟಿಗೆ ಕಲಿತುಕೊಂಡಿದ್ದಾಳೆ. "ತಾತ, ನಿಮಗೆಂದೇ ಮಾಡಿದ ಹಾಗಿರುವ ಸಿನಿಮಾ ಒಂದಿದೆ" ಎಂದು ಒಂದು ರಾತ್ರಿ ಟಿ.ವಿ.ಯ ಮುಂದೆ ಅವರನ್ನು ಕೂರಿಸಿದಳು. ಅದು 2005ರ ಸೆಪ್ಟೆಂಬರಿನಲ್ಲಿ ಕೊರಿಯಾದಲ್ಲಿ ತೆರೆಗೆ ಬಂದ ಲೀ ಮ್ಯುಂಗ್-ಸೆ ಎಂಬ ನಿರ್ದೇಶಕರ ಚಿತ್ರ. ಅದರ ಕೊರಿಯನ್ ಹೆಸರು 'ಹ್ಯಂಗ್‌ಸಾ', ಎಂದರೆ ಪತ್ತೇದಾರ. ಹೊರದೇಶಗಳಲ್ಲಿ ಅದು 'ಡ್ಯುಯೆಲಿಸ್ಟ್', ಎಂದರೆ ದ್ವಂದ್ವಯುದ್ಧದ ಕಲಿ, ಎಂದು ಪ್ರಸಿದ್ಧವಾಗಿದೆ. ಪತ್ತೇದಾರನ ಕೆಲಸ ಸತ್ಯವನ್ನು ಹುಡುಕುವುದು. ದ್ವಂದ್ವಯೋಧನ ಕೆಲಸ ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲುವುದು. ಒಂದೇ ಚಿತ್ರಕ್ಕೆ ಈ ಎರಡು ಹೆಸರುಗಳು ಬಂದುದರಲ್ಲಿಯೇ ಅದರ ಸೊಗಸೂ ಅದರ ಸಂಕಟವೂ ಅಡಗಿವೆಯೆಂಬುದು ಉಪಾಧ್ಯಾಯರಿಗೆ ಆ ರಾತ್ರಿ ಹೊಳೆಯಲಿಲ್ಲ.

ಆ ರಾತ್ರಿ ಅವರು ಬೆರಗಾಗಿ ಕುಳಿತಿದ್ದರು. 1392ರಲ್ಲಿ ಸ್ಥಾಪಿತವಾಗಿ ಐದು ಶತಮಾನಗಳ ಕಾಲ ಕೊರಿಯಾವನ್ನು ಆಳಿದ ಜೋಸೋನ್ ವಂಶದ ಕಾಲದ ಒಂದು ಸಂತೆ ತೆರೆಯ ಮೇಲೆ ತೆರೆದುಕೊಂಡಿತು. ಬಣ್ಣಬಣ್ಣದ ಬಟ್ಟೆಗಳು, ಮುಖವಾಡಗಳು, ಕತ್ತಿ ಹಿಡಿದು ಕುಣಿಯುವವನೊಬ್ಬ, ಅವನ ಸುತ್ತ ಕಿಕ್ಕಿರಿದ ಜನ, ಆ ಜನರ ನಡುವೆ ವೇಷ ಮರೆಸಿಕೊಂಡ ಪೊಲೀಸರು. ಒಮ್ಮೆಗೇ ನಾಣ್ಯಗಳು ಚೆಲ್ಲಿ ನೆಲದ ತುಂಬ ಹರಿಯುತ್ತವೆ. ಸಂತೆಗೆ ಸಂತೆಯೇ ಅವುಗಳ ಮೇಲೆ ಬೀಳುತ್ತದೆ. ಆ ನೂಕುನುಗ್ಗಲು ಒಂದು ಕ್ಷಣ ಮಿಂಚಿನಂತೆ ಓಡಿ, ಮರುಕ್ಷಣ ನೀರಿನಲ್ಲಿ ಮುಳುಗಿದಂತೆ ನಿಧಾನವಾಗಿ, ಮತ್ತೊಂದು ಕ್ಷಣ ಬರೆದ ಚಿತ್ರದಂತೆ ಸ್ತಬ್ಧವಾಗಿ ನಿಲ್ಲುತ್ತದೆ. ಉಪಾಧ್ಯಾಯರಿಗೆ ತಾವು ಮಕ್ಕಳಿಗೆ ವರ್ಷಾನುವರ್ಷ ಹೇಳಿಕೊಟ್ಟಿದ್ದ ಪಾಠವೆಲ್ಲ, ಬಣ್ಣದ ಪಕ್ಕದಲ್ಲಿ ಬಣ್ಣವನ್ನಿಡುವ ಕ್ರಮ, ನೆರಳಿಗೆ ಬಿಡಬೇಕಾದ ಎಡೆ, ಚಲನೆಯ ನಡುವೆ ಹಿಡಿಯಬೇಕಾದ ಒಂದು ಭಂಗಿ, ಇಲ್ಲಿ ಜೀವಗೊಂಡು ಓಡಾಡುತ್ತಿರುವಂತೆ ತೋರಿತು.

ಅದಕ್ಕೂ ಮಿಗಿಲಾದುದು ಓಣಿಯ ದೃಶ್ಯ. ರಾತ್ರಿಯ ಹೊತ್ತು, ಎರಡು ಕಡೆಯೂ ಎತ್ತರವಾದ ಗೋಡೆ. ಓಣಿಯ ಅರ್ಧ ಭಾಗದಲ್ಲಿ ಬೆಳುದಿಂಗಳು, ಉಳಿದರ್ಧದಲ್ಲಿ ಮಸಿಯಂಥ ಕತ್ತಲೆ. ಪೊಲೀಸ್ ಹೆಣ್ಣು ನಮ್‌ಸೂನಳೂ ಅವಳು ಬೆನ್ನಟ್ಟಿ ಬಂದ ಹೆಸರಿಲ್ಲದ ಕತ್ತಿಗಾರನೂ ಅಲ್ಲಿ ಎದುರುಬದುರಾಗಿದ್ದಾರೆ. ಆ ತರುಣನ ಮುಖವನ್ನು ನೋಡಿ ಜನರು ಅವನನ್ನು 'ದುಃಖದ ಕಣ್ಣಿನವ' ಎಂದೇ ಕರೆಯುವರು. ಕತ್ತಿಗಳು ತಾಗುತ್ತವೆ, ಇಬ್ಬರೂ ಕತ್ತಲೆಯೊಳಗೆ ಮಾಯವಾಗುತ್ತಾರೆ. ಕತ್ತಿಯ ಸದ್ದು ಮಾತ್ರ ಕೇಳಿಸುತ್ತದೆ. ಮತ್ತೆ ಬೆಳಕಿಗೆ ಬರುತ್ತಾರೆ. ಅಷ್ಟರಲ್ಲಿ ಅವರ ನಡುವಣ ಅಂತರ ಇನ್ನಿಷ್ಟು ಕಡಮೆಯಾಗಿದೆ. ಕಾಳಗವೆಂದು ಆರಂಭವಾದುದು ಜೋಡಿನೃತ್ಯವಾಗಿ ಮಾರ್ಪಟ್ಟಿದೆ. ಕೊಲ್ಲಲು ಎತ್ತಿದ ಕೈಗೂ ಅಪ್ಪಲು ಚಾಚಿದ ಕೈಗೂ ವ್ಯತ್ಯಾಸ ತಿಳಿಯದಂತಾಗುತ್ತದೆ. ಉಪಾಧ್ಯಾಯರು ಆ ಭಾಗವನ್ನು ಮೂರು ಸಲ ಹಿಂದಕ್ಕೆ ಹಾಕಿಸಿ ನೋಡಿದರು. ಮಲಗುವಾಗ ಗಂಟೆ ಹನ್ನೆರಡಾಗಿತ್ತು.

ಮರುದಿನ ಬೆಳಗ್ಗೆ ಕಾಫಿಯ ಲೋಟವನ್ನು ಕೈಗಿಟ್ಟಾಗ ತಾಯಿ ಕೇಳಿದರು: "ರಾತ್ರಿಯೆಲ್ಲ ಕತ್ತಿಯ ಸದ್ದು ಕೇಳಿಸುತ್ತಿತ್ತು. ಏನೋ ಅದು? ಹೇಳು."

ಉಪಾಧ್ಯಾಯರು ಉತ್ಸಾಹದಿಂದಲೇ ತೊಡಗಿದರು. "ಒಂದು ಸಂತೆ, ಅಮ್ಮ."

"ಹೂಂ."

"ಪೊಲೀಸರು ಖೋಟಾ ನಾಣ್ಯ ಮಾಡುವವರನ್ನು ಹಿಡಿಯಲು ಬಂದಿದ್ದಾರೆ. ಅವರಲ್ಲಿ ಒಬ್ಬಳು ಹೆಣ್ಣು, ಗಂಡುಬೀರಿ. ಅವಳನ್ನು ಮಗಳಂತೆ ನೋಡಿಕೊಳ್ಳುವ ಹಿರಿಯ ಪೊಲೀಸನೊಬ್ಬ."

"ಹೂಂ."

"ಕುಣಿಯುವವನೊಬ್ಬನ ಮೇಲೆ ಅನುಮಾನ ಬರುತ್ತದೆ. ಅವನು ಸೇನೆಯ ಮಂತ್ರಿಯ ಆಶ್ರಯದಲ್ಲಿರುವವನು. ಖೋಟಾ ನಾಣ್ಯದ ಹಿಂದಿರುವವನು ಆ ಮಂತ್ರಿಯೇ."

"ಹೂಂ. ಮಂತ್ರಿಗೇಕೆ ಬೇಕಾಯಿತು ಖೋಟಾ ನಾಣ್ಯ?"

"ರಾಜ್ಯವನ್ನು ಅಲ್ಲಾಡಿಸುವುದಕ್ಕೆ."

"ಆಮೇಲೆ?"

"ಆಮೇಲೆ ಅವಳಿಗೂ ಅವನಿಗೂ ಓಣಿಯಲ್ಲಿ ಕಾಳಗ. ಅದು ಹೇಗಿದೆಯೆಂದರೆ, ಅಮ್ಮ, ಅರ್ಧ ಬೆಳಕು, ಅರ್ಧ ಕತ್ತಲು..."

"ಹೂಂ. ಆಮೇಲೆ?"

"ಆಮೇಲೆ ಮತ್ತೊಂದು ಕಡೆ ಕಾಳಗ. ಅವಳಿಗೆ ಅವನ ಮೇಲೆ ಮನಸ್ಸಾಗುತ್ತದೆ."

"ಏಕೆ?"

ಉಪಾಧ್ಯಾಯರು ತಡವರಿಸಿದರು. ಅವನು ನೋಡಲು ಚೆಲುವನೆಂಬುದೊಂದೇ ಉತ್ತರ. ಅದನ್ನೇ ಹೇಳಿದರು. ತಾಯಿ ಹೂಂ ಎನ್ನಲಿಲ್ಲ. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟು, "ಸರಿ, ಸ್ನಾನಕ್ಕೆ ನೀರು ಕಾದಿದೆಯೋ ನೋಡು" ಎಂದರು. ಉಪಾಧ್ಯಾಯರು ಏನನ್ನೋ ಕದ್ದು ಸಿಕ್ಕಿಬಿದ್ದ ಹುಡುಗನಂತೆ ಎದ್ದುಹೋದರು. ಅಷ್ಟು ಚೆಂದದ ಚಿತ್ರ ತಮ್ಮ ನಾಲಗೆಯ ಮೇಲೆ ಹೀಗೆ ಬಡವಾದುದಕ್ಕೆ ತಮ್ಮ ಹೇಳುವ ಶಕ್ತಿಯ ಕೊರತೆಯೇ ಕಾರಣವೆಂದು ಅವರು ಮೊದಲು ನಂಬಿದರು. ಎರಡನೆಯ ಸಲ ಚಿತ್ರವನ್ನು ನೋಡಿದರು. ಈ ಸಲ ಕಣ್ಣಿನ ಜತೆಗೆ ತಾಯಿಯ 'ಆಮೇಲೆ'ಯೂ ಕುಳಿತು ನೋಡಿತು.

ಆಗ ಕಂಡುಬಂದ ಸಂಗತಿಗಳು ಹಲವು. ಖೋಟಾ ನಾಣ್ಯದ ವಿಷಯವನ್ನೇ ನೋಡಬಹುದು. ಕಥೆಗೆ ಇದಕ್ಕಿಂತ ಒಳ್ಳೆಯ ಬೀಜ ದೊರೆಯುವುದು ದುರ್ಲಭ. ಕೊರಿಯಾದಲ್ಲಿ 1678ರಿಂದ 'ಸಾಂಗ್‌ಪ್ಯಂಗ್ ತೊಂಗ್‌ಬೊ' ಎಂಬ ಹೆಸರಿನ ನಾಣ್ಯ ದೇಶದಲ್ಲೆಲ್ಲ ಚಲಾವಣೆಗೆ ಬಂದಿತು. ಅದು ದುಂಡಗೆ ಇದ್ದು ನಡುವೆ ಚೌಕವಾದ ತೂತುಳ್ಳದ್ದು. ಜನರು ಹುರಿಗೆ ಪೋಣಿಸಿ ಒಯ್ಯುತ್ತಿದ್ದರು. ಅದಕ್ಕೆ ಬೇಕಾದ ತಾಮ್ರ ಬಹುಮಟ್ಟಿಗೆ ಜಪಾನಿನಿಂದ ಬರಬೇಕಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ನಾಣ್ಯದ ಅಭಾವ ಎಷ್ಟರಮಟ್ಟಿಗೆ ಆಯಿತೆಂದರೆ, ನಾಣ್ಯವೇ ಅನರ್ಥಗಳಿಗೆ ಮೂಲವೆಂದು ಬಗೆದು ಟಂಕಿಸುವುದನ್ನು ತಡೆಹಿಡಿದಿದ್ದ ಯೊಂಗ್‌ಜೊ ಅರಸನು 1731ರಲ್ಲಿ ಅದನ್ನು ಪುನಃ ಆರಂಭಿಸಬೇಕಾಯಿತು. ಇಂಥ ದೇಶದಲ್ಲಿ ಕಳ್ಳ ಟಂಕಸಾಲೆಯೊಂದು ಹುಟ್ಟಿಕೊಂಡರೆ ಅದರ ಏಟು ಮೊದಲು ಬೀಳುವುದು ಯಾರ ಮೇಲೆ? ಹುರಿಗೆ ಪೋಣಿಸಿದ ನಾಣ್ಯಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಅಕ್ಕಿ ತರಲು ಹೋಗುವ ಬಡವಳ ಮೇಲೆ. ಚಿತ್ರದಲ್ಲಿ ನಾಣ್ಯಗಳು ಚೆಲ್ಲುತ್ತವೆ, ಹೊಳೆಯುತ್ತವೆ, ಜನರು ಅವುಗಳಿಗಾಗಿ ಕಾದಾಡುತ್ತಾರೆ. ಆ ನಾಣ್ಯವನ್ನು ಮನೆಗೊಯ್ದವರ ಒಲೆ ಉರಿಯಿತೋ ಆರಿತೋ ಎಂಬುದನ್ನು ನೋಡಲು ಕ್ಯಾಮೆರಾ ಯಾರ ಮನೆಗೂ ಹೋಗುವುದಿಲ್ಲ. ಆದಕಾರಣ ಪೊಲೀಸರು ಮಂತ್ರಿಯನ್ನು ಹಿಡಿದರೂ ಬಿಟ್ಟರೂ ನೋಡುವವನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇನ್ನು ನಾಯಕಿಯ ವಿಷಯ. ಚಿತ್ರಕ್ಕೆ ಆಧಾರ ಬಾಂಗ್ ಹಾಕ್-ಗಿ ಎಂಬವರ 'ದಾಮೊ' ಎಂಬ ಚಿತ್ರಕಥಾ ಪುಸ್ತಕವೆಂದು ಮೊಮ್ಮಗಳು ತಿಳಿಸಿದಳು. ದಾಮೊ ಎಂದರೆ ಅಕ್ಷರಶಃ ಚಹಾ ಕಾಯಿಸಿಕೊಡುವ ಹೆಂಗಸು. ಜೋಸೋನ್ ಕಾಲದ ಸರ್ಕಾರಿ ಕಚೇರಿಗಳಲ್ಲಿ ಈ ಕೆಲಸಕ್ಕಿದ್ದವರು ಬಹಳ ಕೆಳದರ್ಜೆಯ ಸೇವಕಿಯರು. ಆದರೆ ಆ ಸಮಾಜದಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಅಂಗಳ. ಮನೆಯ ಒಳಭಾಗಕ್ಕೆ ಅನ್ಯಪುರುಷನು ಕಾಲಿಡುವಂತಿರಲಿಲ್ಲ. ಅಲ್ಲಿ ಶೋಧನೆ ಮಾಡಬೇಕಾದಾಗ ಪೊಲೀಸ್ ಕಚೇರಿಯವರು ತಮ್ಮ ದಾಮೊಗಳನ್ನು ಕಳುಹಿಸುತ್ತಿದ್ದರು. ಎಂಥ ವಿಚಿತ್ರ ಸ್ಥಿತಿ! ಕಚೇರಿಯಲ್ಲಿ ಚಹಾದ ಬಟ್ಟಲು ತೊಳೆಯುವವಳು ದೊಡ್ಡ ದೊಡ್ಡ ಪ್ರಭುಗಳ ಅಂತಃಪುರದ ಪೆಟ್ಟಿಗೆಗಳನ್ನು ತೆರೆಸಬಲ್ಲಳು. ಮರುದಿನ ಮತ್ತೆ ಬಟ್ಟಲು ತೊಳೆಯಬೇಕು. ಇಂಥ ಹೆಣ್ಣೊಬ್ಬಳು ತಾನು ಹಿಡಿಯಬೇಕಾದವನಿಗೆ ಮನಸೋತರೆ ಅವಳು ಕಳೆದುಕೊಳ್ಳುವುದೇನು? ಅವಳಿಗಿರುವ ಒಂದೇ ಮಾನ, ತನ್ನ ಕೆಲಸದ ಮಾನ. ಈ ಪ್ರಶ್ನೆಯ ಮೇಲೆ ಒಂದು ಮಹಾಕಥೆಯನ್ನೇ ನಿಲ್ಲಿಸಬಹುದಾಗಿತ್ತು. ಚಿತ್ರದ ನಮ್‌ಸೂನಳಾದರೋ ಮುಖ ಸೊಟ್ಟಗೆ ಮಾಡುತ್ತಾಳೆ, ಕಾಲು ಬೀಸಿ ನಡೆಯುತ್ತಾಳೆ, ಬೈಯುತ್ತಾಳೆ. ನಟಿ ಹಾ ಜಿ-ವನ್ ಕತ್ತಿ ಹಿಡಿದಾಗ ಕಣ್ಣು ಕೀಳಲಾಗದು. ಆದರೆ ಅವಳು ಯಾರ ಮಗಳು, ಈ ಕೆಲಸಕ್ಕೆ ಹೇಗೆ ಬಂದಳು, ಕೆಲಸ ಹೋದರೆ ಎಲ್ಲಿಗೆ ಹೋಗುವಳು ಎಂಬುದು ನೋಡುವವನ ಮನಸ್ಸಿಗೆ ತಾಗುವಂತೆ ಎಲ್ಲಿಯೂ ಬರುವುದಿಲ್ಲ. ಕಳೆದುಕೊಳ್ಳುವುದೇನೂ ಇಲ್ಲದವಳ ಆಯ್ಕೆಯನ್ನು ಆಯ್ಕೆಯೆನ್ನುವುದು ಹೇಗೆ?

ಕತ್ತಿಗಾರನ ಪಾಡು ಇನ್ನೂ ಕನಿಷ್ಠ. ಅವನಿಗೆ ಹೆಸರಿಲ್ಲ, ಮಾತೂ ಇಲ್ಲವೆನ್ನುವಷ್ಟು ಕಡಮೆ. ಕಾಂಗ್ ದೊಂಗ್-ವನ್ ಎಂಬ ನಟನ ಕಣ್ಣುಗಳನ್ನೂ ಕೂದಲಿನ ಅಲೆಗಳನ್ನೂ ಕ್ಯಾಮೆರಾ ಎಷ್ಟು ಪ್ರೀತಿಯಿಂದ ನೋಡುತ್ತದೆಯೆಂದರೆ, ನೋಡುವವನೂ ಸ್ವಲ್ಪ ಹೊತ್ತು ಸೋಲುತ್ತಾನೆ. ಆ ಕಣ್ಣುಗಳಲ್ಲಿ ದುಃಖವಿದೆ. ಯಾವುದರ ದುಃಖ? ತನ್ನನ್ನು ಸಾಕಿದ ಮಂತ್ರಿಯ ಪಾಪವನ್ನು ಬಲ್ಲನೆಂದೋ, ಬಲ್ಲದೆ ನಂಬಿದನೆಂದೋ, ಎರಡರಲ್ಲಿ ಒಂದನ್ನಾದರೂ ಗಟ್ಟಿಯಾಗಿ ಹಿಡಿದಿದ್ದರೆ ಸಾಕಾಗಿತ್ತು. ಕಾರಣವಿಲ್ಲದ ದುಃಖ ಒಂದು ಭಂಗಿಯಾಗಿ ಉಳಿಯುತ್ತದೆ; ಭಂಗಿಗೆ ಚಪ್ಪಾಳೆ ಬೀಳಬಹುದು, ಕಣ್ಣೀರು ಬೀಳದು. ನಮ್ಮ ಅಲಂಕಾರಶಾಸ್ತ್ರದವರು ವಿಭಾವ, ಅನುಭಾವಗಳೆಂದು ಬೇರೆ ಬೇರೆ ಮಾಡಿ ಹೇಳಿದುದರ ಅರ್ಥ ಉಪಾಧ್ಯಾಯರಿಗೆ ಆ ದಿನ ಪರದೇಶದ ಚಿತ್ರವೊಂದರಿಂದ ತಿಳಿಯಿತು. ಕಣ್ಣೀರು, ನಿಟ್ಟುಸಿರು, ಬಾಗಿದ ಕೊರಳು, ಇವೆಲ್ಲ ಅನುಭಾವಗಳು. ಅವುಗಳಿಗೆ ಒಂದು ವಿಭಾವ, ಒಂದು ಕಾರಣ, ಬೇಕು. ಇಲ್ಲಿ ಅನುಭಾವಗಳ ಮೆರವಣಿಗೆಯೇ ಇದೆ. ವಿಭಾವ ಮಾತ್ರ ಮನೆಯಲ್ಲಿಯೇ ಉಳಿದುಬಿಟ್ಟಿದೆ.

"ನಾಣ್ಯ ಹೊಳೆಯುತ್ತದೆ, ಆದರೆ ಖೋಟಾ ಅನ್ನಿ, ತಾತ" ಎಂದು ಮೊಮ್ಮಗಳು ನಕ್ಕಳು. ಉಪಾಧ್ಯಾಯರಿಗೆ ಆ ಹಾಸ್ಯ ಹಿಡಿಸಲಿಲ್ಲ. ಓಣಿಯ ಆ ಬೆಳಕನ್ನು ಕಂಡವನು ಅದನ್ನು ಖೋಟಾ ಎನ್ನಲಾರನು. ಅದು ಅಪ್ಪಟವಾದ ಬೆಳ್ಳಿ. ಆದರೆ ಪೋಣಿಸಲು ಹುರಿಯಿಲ್ಲದೆ ಚೆಲ್ಲಿಹೋಗಿದೆ ಎಂದು ಅವರಿಗೆ ತೋರಿತು.

ಆ ನಿರ್ದೇಶಕರಿಗೆ ಕಥೆ ಹೇಳಲು ಬಾರದೆಂದು ತಿಳಿಯುವುದು ತಪ್ಪಾಗುತ್ತದೆ. ಲೀ ಮ್ಯುಂಗ್-ಸೆ ಅವರು 1990ರಲ್ಲಿ ಮಾಡಿದ 'ಮೈ ಲವ್, ಮೈ ಬ್ರೈಡ್' ಎಂಬ ಚಿತ್ರ ಹೊಸದಾಗಿ ಮದುವೆಯಾದ ದಂಪತಿಗಳ ಸಣ್ಣಪುಟ್ಟ ಜಗಳ, ಅಸೂಯೆ, ರಾಜಿಗಳದು. ಅದು ಜನರಿಗೆ ಎಷ್ಟು ಪ್ರಿಯವಾಯಿತೆಂದರೆ 2014ರಲ್ಲಿ ಕೊರಿಯಾದವರು ಅದನ್ನು ಮತ್ತೆ ಹೊಸದಾಗಿ ತೆಗೆದರು. 1999ರಲ್ಲಿ ಅವರು 'ನೋವೇರ್ ಟು ಹೈಡ್' ಎಂಬ ಚಿತ್ರವನ್ನು ಮಾಡಿದರು. ಉಪಾಧ್ಯಾಯರು ಅದನ್ನೂ ಹುಡುಕಿಸಿ ನೋಡಿದರು. ಬೂಸಾನ್ ನಗರದ ನಲವತ್ತು ಮೆಟ್ಟಿಲುಗಳ ಒಂದು ದಾರಿ, ಹಳದಿ ಎಲೆಗಳು ಉದುರುತ್ತಿವೆ, ಮಳೆ ಬರುತ್ತದೆ, ಆ ಮಳೆಯಲ್ಲಿ ಒಂದು ಕೊಲೆ. ಅಲ್ಲಿಂದ ಮುಂದೆ ಇಡೀ ಚಿತ್ರದಲ್ಲಿರುವುದು ಒಂದೇ ಸಂಗತಿ: ಒರಟನಾದ ಪತ್ತೇದಾರನೊಬ್ಬನು ಆ ಕೊಲೆಗಾರನನ್ನು ಬೆನ್ನಟ್ಟುವುದು. ಬೇರೆ ಕಥೆಯೇ ಇಲ್ಲ. ಕೊಲೆಗಾರನ ಪೂರ್ವೋತ್ತರವೂ ಅಷ್ಟಾಗಿ ತಿಳಿಯದು. ಆದರೂ ಉಪಾಧ್ಯಾಯರು ಅದನ್ನು ತಾಯಿಗೆ ಹೇಳಿದಾಗ ಅವರು ಕಡೆಯವರೆಗೂ ಹೂಂಗುಟ್ಟಿದರು. "ಸಿಕ್ಕಿದನೋ?" "ಇಲ್ಲ, ತಪ್ಪಿಸಿಕೊಂಡ." "ಹೂಂ. ಈಗಲಾದರೂ ಸಿಕ್ಕಿದನೋ?" ಕೊನೆಗೆ ಮಳೆಯಲ್ಲಿ ಇಬ್ಬರೂ ಕೆಸರಿನಲ್ಲಿ ಹೊಡೆದಾಡುವ ಘಟ್ಟ ಬಂದಾಗ ಆ ವೃದ್ಧೆ ಸೊಂಟ ನೆಟ್ಟಗೆ ಮಾಡಿಕೊಂಡು ಕುಳಿತರು.

ಇದರಿಂದ ಉಪಾಧ್ಯಾಯರಿಗೆ ಒಂದು ವಿಷಯ ಸ್ಪಷ್ಟವಾಯಿತು. ಚಿತ್ರಕ್ಕೆ ಕಥೆ ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ಜಟಿಲವಾಗಿರಬೇಕೆಂಬುದಂತೂ ಇಲ್ಲವೇ ಇಲ್ಲ. ಒಂದು ಎಳೆ ಸಾಕು. ಆದರೆ ಹಿಡಿದ ಎಳೆಯನ್ನು ಬಿಡಬಾರದು. 1999ರ ಚಿತ್ರ ಒಂದೇ ಎಳೆಯನ್ನು ಬಿಗಿಯಾಗಿ ಹಿಡಿದು, ಉಳಿದ ಶಕ್ತಿಯನ್ನೆಲ್ಲ ಮಳೆಗೂ ಎಲೆಗೂ ನೆರಳಿಗೂ ಧಾರಾಳವಾಗಿ ಕೊಟ್ಟಿತು. 2005ರ ಚಿತ್ರ ಎರಡು ಎಳೆಗಳನ್ನು ಕೈಗೆತ್ತಿಕೊಂಡಿತು: ರಾಜದ್ರೋಹದ ಪತ್ತೆಯ ಎಳೆಯೊಂದು, ಪ್ರೇಮದ ಎಳೆ ಮತ್ತೊಂದು. ಮೊದಲನೆಯದನ್ನು ಹತ್ತು ಕಡೆ ಗಂಟು ಹಾಕಿ ನಡುದಾರಿಯಲ್ಲಿ ಕೆಳಗೆ ಹಾಕಿತು. ಎರಡನೆಯದು ಇಡೀ ಭಾರವನ್ನು ಹೊರಬೇಕಾಗಿ ಬಂದಾಗ ಅದು ಇನ್ನೂ ನೂತಿರಲಿಲ್ಲ.

ಇದಕ್ಕೆ ಎದುರು ವಾದವೂ ಉಂಟು. ಚಿತ್ರವನ್ನು ಮೆಚ್ಚಿದವರು, ಮತ್ತೆ ಮತ್ತೆ ನೋಡಿ ಅದರಲ್ಲಿಯೇ ಮುಳುಗಿದ ಅಭಿಮಾನಿಗಳು ಕೊರಿಯಾದಲ್ಲಿ ಇದ್ದಾರೆ. ಸಿನಿಮಾ ಎಂಬುದು ಚಲನೆಯ ಕಲೆ. ಅದು ಕಾದಂಬರಿಯ ಊಳಿಗಕ್ಕೆ ಏಕೆ ನಿಲ್ಲಬೇಕು? ಸಂಗೀತಕ್ಕೆ ಕಥೆಯುಂಟೆ? ನಾಟ್ಯದಲ್ಲಿ ನೃತ್ತಭಾಗಕ್ಕೆ ಅರ್ಥವುಂಟೆ? ಎಂದು ಅವರು ಕೇಳಬಹುದು. ಉಪಾಧ್ಯಾಯರು ಬಾಳೆಲ್ಲ ಆಡಿದ ವಾದವೂ ಇದೇ. ಆದರೆ ಈಗ ಅವರಿಗೆ ಅದರ ಸಡಿಲವಾದ ಕೀಲು ಕಾಣಿಸಿತು. ರಾಗಾಲಾಪನೆಯು ಮಂತ್ರಿಯ ಪಿತೂರಿಯನ್ನು ಆರಂಭಿಸಿ ನಡುವೆ ಬಿಡುವುದಿಲ್ಲ. ಅದು ತಾನು ಕೊಡಲಾರದ ಮಾತನ್ನು ಕೊಡುವುದೇ ಇಲ್ಲ. ಈ ಚಿತ್ರವಾದರೋ ಕೊಲೆ, ಕಳ್ಳ ನಾಣ್ಯ, ರಾಜದ್ರೋಹ, ಸೇವಕಿಯ ಪ್ರೇಮ ಎಂದು ಬಾಗಿಲಲ್ಲಿಯೇ ಮಾತು ಕೊಟ್ಟು ಒಳಗೆ ಕರೆಯುತ್ತದೆ. ಊಟಕ್ಕೆ ಕರೆದವರು ಎಲೆ ಹಾಕಿ, ರಂಗೋಲಿ ಬರೆದು, ಊದುಬತ್ತಿ ಹಚ್ಚಿ, ಬಡಿಸುವುದನ್ನು ಮರೆತರೆ ರಂಗೋಲಿಯ ಸೊಗಸನ್ನು ಹೊಗಳಬಹುದು. ಆದರೆ ಹಸಿವೆಯನ್ನು ತಪ್ಪೆನ್ನಲಾಗದು.

ಈ ಮಾತಿಗೆ ಬೇರೆಲ್ಲೂ ಹೋಗದೆ ಕೊರಿಯಾದಲ್ಲಿಯೇ ಸಾಕ್ಷಿ ದೊರೆಯಿತು. ಅದೇ ಬಾಂಗ್ ಹಾಕ್-ಗಿ ಅವರ ಪುಸ್ತಕವನ್ನು ಆಧರಿಸಿ, ಅದೇ ನಟಿ ಹಾ ಜಿ-ವನ್ ಅವರನ್ನೇ ನಾಯಕಿಯನ್ನಾಗಿ ಇಟ್ಟುಕೊಂಡು, ಚಿತ್ರಕ್ಕಿಂತ ಎರಡು ವರ್ಷ ಮೊದಲು, 2003ರಲ್ಲಿ, ಎಂ.ಬಿ.ಸಿ. ಎಂಬ ಪ್ರಸಾರ ಸಂಸ್ಥೆ 'ದಾಮೊ' ಎಂಬ 14 ಕಂತುಗಳ ಧಾರಾವಾಹಿಯನ್ನು ಮಾಡಿತ್ತು. ಅಲ್ಲಿಯೂ ಖೋಟಾ ನಾಣ್ಯವೇ, ಪಿತೂರಿಯೇ, ಕತ್ತಿಯೇ. ಮೊಮ್ಮಗಳು ಅದರ ಕಥೆಯನ್ನು ಮುತ್ತಜ್ಜಿಗೆ ರಾತ್ರಿಗೊಂದಿಷ್ಟರಂತೆ ತಾನೇ ಹೇಳಿದಳು. ರಾಜದ್ರೋಹದ ಆರೋಪಕ್ಕೆ ಸಿಕ್ಕಿ ತಂದೆ ಸಾಯುತ್ತಾನೆ; ಎಳೆಯ ಅಣ್ಣತಂಗಿಯರು ಅಗಲುತ್ತಾರೆ; ಕುಲೀನರ ಮಗು ಸರ್ಕಾರದ ದಾಸಿಯಾಗುತ್ತದೆ. ಅವಳೊಡನೆ ಬೆಳೆದು ಕತ್ತಿವರಸೆ ಕಲಿತ ಹುಡುಗನು ಮುಂದೆ ಪೊಲೀಸ್ ಅಧಿಕಾರಿಯಾಗುತ್ತಾನೆ. ಅವಳು ಅವನ ಕಚೇರಿಯ ದಾಮೊ. ಇಬ್ಬರಲ್ಲಿಯೂ ಒಲವುಂಟು, ನಡುವೆ ಅಂತಸ್ತಿನ ಗೋಡೆಯುಂಟು. ಖೋಟಾ ನಾಣ್ಯದ ಜಾಡನ್ನು ಹಿಡಿದು ಅವಳು ವೇಷ ಮರೆಸಿಕೊಂಡು ದಂಗೆಕೋರರ ಬೀಡನ್ನು ಹೊಗುತ್ತಾಳೆ. ಅವರ ನಾಯಕನ ಕಡೆಗೆ ಅವಳ ಮನಸ್ಸು ಹರಿಯುತ್ತದೆ. ಆ ನಾಯಕನೇ ಅವಳ ಕಳೆದುಹೋದ ಅಣ್ಣ. ಅದು ಇಬ್ಬರಿಗೂ ತಿಳಿಯದು.

"ಅಯ್ಯೋ!" ಎಂದರು ವೃದ್ಧೆ. "ಆಮೇಲೆ?"

"ಅಧಿಕಾರಿ ಆ ಅಣ್ಣನ ಕತ್ತಿಗೇ ಸಾಯುತ್ತಾನೆ, ಮುತ್ತಜ್ಜಿ."

"ಅವಳಿಗೆ ಯಾವಾಗ ತಿಳಿಯಿತೇ, ಅವನು ಅಣ್ಣನೆಂದು?"

"ಎಲ್ಲ ಮುಗಿಯುವ ಹೊತ್ತಿಗೆ."

ವೃದ್ಧೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನೋಡಲು ಬಾರದ ಕಣ್ಣಿಗೆ ಅಳಲು ಯಾವ ಅಡ್ಡಿಯೂ ಇರಲಿಲ್ಲ. ಉಪಾಧ್ಯಾಯರು ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಧಾರಾವಾಹಿಯ ಕೆಲವು ಕಂತುಗಳನ್ನು ಅವರೂ ನೋಡಿದ್ದರು. ಅದರ ಬೆಳಕಿನಲ್ಲಿ, ಚೌಕಟ್ಟುಗಳಲ್ಲಿ, ಚಿತ್ರದ ಆ ಓಣಿಗೆ ಸಮನಾದುದು ಒಂದನ್ನೂ ಅವರು ಕಾಣಲಿಲ್ಲ. ಆದರೂ ಅದರ ಕಥೆ ಸಾವಿರಾರು ಮೈಲಿಗಳನ್ನು ದಾಟಿ, ಭಾಷೆಯನ್ನು ದಾಟಿ, ಒಂದು ಹುಡುಗಿಯ ಬಾಯಿಂದ ಕಣ್ಣಿಲ್ಲದ ಮುದುಕಿಯ ಹಾಸಿಗೆಯವರೆಗೆ ಬಂದು ತಲುಪಿತ್ತು. ತಾವು ಮೆಚ್ಚಿದ ಸೌಂದರ್ಯ ತಮ್ಮ ಕಣ್ಣಿನ ಹೊಸ್ತಿಲನ್ನು ದಾಟಲಾರದೆ ಅಲ್ಲಿಯೇ ನಿಂತುಬಿಟ್ಟಿತ್ತು.

ಹಾಗೆಂದು ಅವರು ಚಿತ್ರವನ್ನು ಬಿಟ್ಟುಕೊಡಲಿಲ್ಲ. ಕೆಲವು ದಿನಗಳ ಮೇಲೆ ಒಂದು ಸಂಜೆ, ದೀಪ ಹಚ್ಚಿದ ಮೇಲೆ, ತಾಯಿಯ ಪಕ್ಕದಲ್ಲಿ ಕುಳಿತು, "ಅಮ್ಮ, ಅವತ್ತಿನ ಕಥೆಯಲ್ಲಿ ಒಂದು ಭಾಗವನ್ನು ಸರಿಯಾಗಿ ಹೇಳಲಿಲ್ಲ" ಎಂದರು. ಈ ಸಲ ಸಂತೆಯನ್ನೂ ಮಂತ್ರಿಯನ್ನೂ ಬಿಟ್ಟರು. ಓಣಿಯನ್ನು ಮಾತ್ರ ಹೇಳಿದರು. ಅವಸರ ಮಾಡಲಿಲ್ಲ. ಗೋಡೆಯ ಎತ್ತರ ಎಷ್ಟೆಂದು ಹೇಳಿದರು. ಬೆಳುದಿಂಗಳು ಓಣಿಯನ್ನು ಕತ್ತರಿಸಿದ ಹಾಗೆ ಎರಡು ಮಾಡಿದ್ದನ್ನು ಹೇಳಿದರು. ತಾಯಿಯ ಕೈಯನ್ನು ಹಿಡಿದು, ದೀಪದ ಮುಂದೆ ಅದನ್ನು ಆಚೆಗೂ ಈಚೆಗೂ ಆಡಿಸಿ, ಬೆಳಕು ಬರುವುದನ್ನೂ ಹೋಗುವುದನ್ನೂ ತೋರಿಸಿದರು. ಅಷ್ಟು ಆ ಕಣ್ಣಿಗೆ ಇನ್ನೂ ತಿಳಿಯುತ್ತಿತ್ತು.

"ಹೂಂ" ಎಂದರು ತಾಯಿ.

"ಇಬ್ಬರೂ ಕತ್ತಿ ಬೀಸುತ್ತ ಬೆಳಕಿಗೆ ಬರುತ್ತಾರೆ. ಮತ್ತೆ ಕತ್ತಲೆಗೆ ಹೋಗುತ್ತಾರೆ."

"ಹೂಂ."

"ಪ್ರತಿ ಸಲ ಬೆಳಕಿಗೆ ಬಂದಾಗಲೂ ಒಬ್ಬರಿಗೊಬ್ಬರು ಇನ್ನಷ್ಟು ಹತ್ತಿರವಾಗಿರುತ್ತಾರೆ."

ತಾಯಿ ಬಹಳ ಹೊತ್ತು ಸುಮ್ಮನಿದ್ದರು. ಉಪಾಧ್ಯಾಯರಿಗೆ ಈ ಸಲವೂ ಸೋತೆನೆಂಬ ಅಳುಕು ಹುಟ್ಟಿತು. ಆಗ ಆಕೆ ಮುಖವನ್ನು ಮಗನ ದನಿಯ ಕಡೆಗೆ ತಿರುಗಿಸಿ ಕೇಳಿದರು:

"ಕತ್ತಲೆಯಲ್ಲಿ ಏನು ನಡೆಯಿತು? ಅಲ್ಲಿ ಏನೋ ಮಾತಾಡಿಕೊಂಡಿರಬೇಕಲ್ಲ ಅವರು. ಇಲ್ಲದಿದ್ದರೆ ಹತ್ತಿರವಾಗುವುದು ಹೇಗೆ?"

ಉಪಾಧ್ಯಾಯರು ಉತ್ತರ ಕೊಡಲಿಲ್ಲ. ಚಿತ್ರದಲ್ಲಿ ಆ ಕತ್ತಲೆಯೊಳಗೆ ಕತ್ತಿಯ ಸದ್ದಲ್ಲದೆ ಬೇರೇನೂ ಇಲ್ಲವೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ದೀಪದ ಬತ್ತಿಯನ್ನು ಸರಿಮಾಡಿ, "ನಾಳೆ ಹೇಳುತ್ತೇನೆ, ಅಮ್ಮ" ಎಂದರು.

"ಹೂಂ" ಎಂದರು ತಾಯಿ.